ತುಮಕೂರಿನಲ್ಲಿ ಎರಡು ದಿನಗಳ ದೇಹಭಾಷೆ ತರಬೇತಿ: ಮೊದಲ ದಿನಕ್ಕಿಂತ ಎರಡನೆಯ ದಿನ ಮೇಲು

ಪತ್ತಿನ ಸಹಕಾರ ಸಂಘವೊಂದರ ಸಾಲ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ಇರುವ ನನಗೆ, ಎದುರಿಗೆ ಕುಳಿತವರ ಮುಖ ನೋಡಿ ಮಾತನ್ನು ತೂಗುವುದು ದಿನನಿತ್ಯದ ಕೆಲಸ. ಹಾಗಾಗಿ ತುಮಕೂರಿನ ತರಬೇತಿ ಕೇಂದ್ರವೊಂದು ಶನಿವಾರ ಮತ್ತು ಭಾನುವಾರ ದೇಹಭಾಷೆಯ ತರಗತಿ ನಡೆಸುತ್ತದೆಂದು ತಿಳಿದಾಗ 2,800 ರೂಪಾಯಿ ಕಟ್ಟಿ ಸೇರಿಕೊಂಡೆ. ಸಂದರ್ಶನಕ್ಕೆ ಸಿದ್ಧರಾಗುತ್ತಿದ್ದ ಪದವೀಧರರು, ಇಬ್ಬರು ಪ್ರೌಢಶಾಲಾ ಶಿಕ್ಷಕಿಯರು, ಒಬ್ಬ ಔಷಧಿ ಅಂಗಡಿಯವರು ಸೇರಿ ಇಪ್ಪತ್ತೆರಡು ಮಂದಿ ಇದ್ದೆವು. ಎರಡು ದಿನಗಳಿಗೆ ಇಬ್ಬರು ಬೇರೆ ಬೇರೆ ತರಬೇತುದಾರರಿದ್ದ ಕಾರಣ, ಒಂದೇ ಶುಲ್ಕದಲ್ಲಿ ಎರಡು ಬೇರೆ ತರಗತಿಗಳಿಗೆ ಹೋಗಿಬಂದಂತಾಯಿತು.

ಮೊದಲ ದಿನದ ಪಾಠ ಆರಂಭವಾದದ್ದೇ ನಮ್ಮ ಸಂವಹನದಲ್ಲಿ ಶೇಕಡಾ 93ರಷ್ಟು ಮಾತಿಲ್ಲದೆಯೇ ನಡೆಯುತ್ತದೆ ಎಂಬ ಘೋಷಣೆಯಿಂದ. ಪಾವಗಡದ ಕಡೆಯಿಂದ ಬಂದಿದ್ದ ಶಿಕ್ಷಕಿಯೊಬ್ಬರು ಎದ್ದು ನಿಂತು, "ಸರ್, ನಾನು ಆ ಕಡೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ತೆಲುಗು ಬರುತ್ತಿರಲಿಲ್ಲ, ನೂರರಲ್ಲಿ ಏಳು ಪಾಲು ಮಾತ್ರ ಅರ್ಥವಾಗದೆ ಉಳಿಯಬೇಕಿತ್ತಲ್ಲವೇ?" ಎಂದು ಕೇಳಿದರು. ಉತ್ತರ ಬರಲಿಲ್ಲ. ಆ ಅಂಕಿಯ ಮೂಲ, ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಸಣ್ಣ ಪ್ರಯೋಗಗಳು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಚಿತ್ರಗಳನ್ನು ತೋರಿಸಿ, ಹೇಳಿದವರಿಗೆ ಒಲವಿದೆಯೋ ಇಲ್ಲವೋ ಎಂದು ಊಹಿಸಲು ಅಲ್ಲಿ ಕೇಳಲಾಗಿತ್ತು. ಪದಕ್ಕೆ 7, ದನಿಗೆ 38, ಮುಖಕ್ಕೆ 55 ಎಂಬ ಲೆಕ್ಕ ಹುಟ್ಟಿದ್ದು ಅಲ್ಲಿಂದ. ಭಾವನೆ ಮತ್ತು ಒಲವಿನ ಮಾತಿಗಷ್ಟೇ ಈ ಲೆಕ್ಕ ಅನ್ವಯಿಸುತ್ತದೆಂದು ಮೆಹ್ರಾಬಿಯನ್ನರೇ ಹೇಳಿದ್ದಾರೆ. ಸಾಲದ ಬಡ್ಡಿ ಎಷ್ಟೆಂಬುದನ್ನು ಯಾರೂ ಹುಬ್ಬು ಕುಣಿಸಿ ತಿಳಿಸಲಾರರು.

ಆಮೇಲೆ ಬಂದದ್ದು ಚಹರೆ ಮತ್ತು ಭಂಗಿಗಳ ಅರ್ಥಕೋಶ. ಕೈಕಟ್ಟಿ ನಿಂತರೆ ಮನಸ್ಸು ಮುಚ್ಚಿಕೊಂಡಿದೆ ಎಂದರ್ಥ, ಕಣ್ಣು ತಗ್ಗಿಸಿದರೆ ಆತ್ಮವಿಶ್ವಾಸವಿಲ್ಲ, ಮೂಗು ಮುಟ್ಟಿಕೊಂಡರೆ ಸುಳ್ಳು ಹೇಳುತ್ತಿದ್ದಾರೆ, ಎಂದು ಒಂದೊಂದಾಗಿ ಬರೆಸಿದರು. ಮೇಷ್ಟರ ಮುಂದೆ ಕೈಕಟ್ಟಿ ನಿಂತು ಬೆಳೆದವರು ನಾವು; ಮಧುಗಿರಿಯ ಹಳ್ಳಿಯಿಂದ ಬರುವ ಹಿರಿಯರು ನನ್ನ ಮೇಜಿನ ಮುಂದೆ ಇಂದಿಗೂ ಹಾಗೆಯೇ ನಿಲ್ಲುತ್ತಾರೆ, ಕುಳಿತುಕೊಳ್ಳಿ ಎಂದರೂ ಮರ್ಯಾದೆಗೆಂದು ಕೂರುವುದಿಲ್ಲ. ಇಬ್ಬರ ನಡುವೆ 45 ಸೆಂಟಿಮೀಟರಿನಿಂದ 1.2 ಮೀಟರಿನವರೆಗಿನ ಅಂತರ ಆಪ್ತರಿಗೆ ಸಲ್ಲುವಂಥದ್ದೆಂದೂ ಹೇಳಿಕೊಟ್ಟರು. 1960ರ ದಶಕದಲ್ಲಿ ಈ ಅಳತೆಗಳನ್ನು ಕೊಟ್ಟ ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಅವರು, ಇವು ಅಮೆರಿಕದ ಜನರನ್ನು ಗಮನಿಸಿ ಕಂಡುಕೊಂಡವು, ಬೇರೆ ಸಂಸ್ಕೃತಿಗಳಲ್ಲಿ ಬೇರೆಯಾಗುತ್ತವೆ ಎಂದು ಎಚ್ಚರಿಸಿದ್ದರು. ಸಂಜೆಯ ಬೆಂಗಳೂರು–ತುಮಕೂರು ಬಸ್ಸನ್ನು ಒಮ್ಮೆ ಹತ್ತಿದವರಿಗೆ ಆ ಎಚ್ಚರಿಕೆಯೂ ಬೇಕಾಗದು.

ಸುಳ್ಳು ಹಿಡಿಯುವ ಪಾಠವೇ ನನಗೆ ಹೆಚ್ಚು ಬೇಸರ ತರಿಸಿತು. ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಮನಶ್ಶಾಸ್ತ್ರಜ್ಞರಾದ ಬಾಂಡ್ ಮತ್ತು ಡಿಪೌಲೊ 2006ರಲ್ಲಿ ತೋರಿಸಿದಂತೆ, ಸುಳ್ಳು ನಿಜಗಳನ್ನು ಜನ ಸರಿಯಾಗಿ ಗುರುತಿಸುವ ಪ್ರಮಾಣ ಸರಾಸರಿ ಶೇಕಡಾ 54. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೂ 50 ಸಿಗುತ್ತದೆ. ಮೂಗು ಮುಟ್ಟಿಕೊಂಡವರ ಅರ್ಜಿಯನ್ನೆಲ್ಲ ನಾನು ಬದಿಗಿಟ್ಟಿದ್ದರೆ, ನೆಗಡಿಯ ಕಾಲದಲ್ಲಿ ನಮ್ಮ ಸಂಘ ಒಂದು ಸಾಲವನ್ನೂ ಕೊಡುತ್ತಿರಲಿಲ್ಲ.

ಎರಡನೆಯ ದಿನ ಬಂದವರು ರಂಗಭೂಮಿಯ ಅನುಭವವಿದ್ದ ಮೇಡಂ. ಅವರು ಪ್ರೊಜೆಕ್ಟರಿನ ಪರದೆಯನ್ನು ಬಳಸಲೇ ಇಲ್ಲ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಮೊದಲು ಮೂರು ನಿಮಿಷ ನಿನ್ನೆಯ ಅಡುಗೆ, ಮಳೆ, ಮಕ್ಕಳ ಶಾಲೆ ಎಂದು ಲೋಕಾಭಿರಾಮ ಮಾತನಾಡಿಸಿದರು. ನಂತರ ಇಕ್ಕಟ್ಟಿನ ಒಂದು ಪ್ರಶ್ನೆ ಕೇಳಿಸಿದರು. ಎರಡನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿ, ದನಿಯಿಲ್ಲದೆ ತೋರಿಸಿದರು. ಒಬ್ಬ ವ್ಯಕ್ತಿ ಸಹಜವಾಗಿದ್ದಾಗ ಹೇಗಿರುತ್ತಾನೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು, ಬದಲಾವಣೆ ಕಂಡರೆ ತೀರ್ಪು ಕೊಡದೆ ಇನ್ನೊಂದು ಪ್ರಶ್ನೆ ಕೇಳಬೇಕು ಎಂಬುದಷ್ಟೇ ಅವರ ಪಾಠ. ನನ್ನ ಚಿತ್ರೀಕರಣ ನೋಡಿದಾಗ ನನಗೇ ನಾಚಿಕೆಯಾಯಿತು: ಎದುರಿನವರು ಮಾತನಾಡುವಷ್ಟು ಹೊತ್ತೂ ನಾನು ಪೆನ್ನಿನಿಂದ ಮೇಜು ಕುಟ್ಟುತ್ತಾ, ಗಡಿಯಾರದ ಕಡೆ ನೋಡುತ್ತಿದ್ದೆ. ಅರ್ಜಿದಾರರು ತಡವರಿಸುವುದನ್ನು ಇಷ್ಟು ವರ್ಷ ಅವರ ಲಕ್ಷಣವೆಂದೇ ಎಣಿಸಿದ್ದೆನಲ್ಲ ಎಂದು ಅಂದು ಹೊಳೆಯಿತು.

ಆಮೇಲೆ ಮೇಡಂ ನಾಟ್ಯದ ಕಡೆ ತಿರುಗಿದರು. ಅಭಿನಯದಲ್ಲಿ ಆಂಗಿಕ (ಮೈಯ ಚಲನೆ), ವಾಚಿಕ (ಮಾತು), ಆಹಾರ್ಯ (ವೇಷಭೂಷಣ), ಸಾತ್ತ್ವಿಕ (ಒಳಗಿನ ಭಾವ ತಾನಾಗಿ ಮೈಮೇಲೆ ಕಾಣುವುದು) ಎಂದು ನಾಲ್ಕು ಬಗೆಗಳಿವೆ. ಬೆವರು, ನಡುಕ, ದನಿ ಒಡೆಯುವುದು, ಮುಖದ ಬಣ್ಣ ಕೆಡುವುದು ಇವೆಲ್ಲ ಸಾತ್ತ್ವಿಕಕ್ಕೆ ಸೇರಿದವು. ಒಳಗೆ ಏನೋ ಕಲಕಿದೆ ಎಂದು ಅವು ತಿಳಿಸುತ್ತವೆಯೇ ಹೊರತು, ಅದು ಕಳ್ಳತನವೋ ಮಾನಭಯವೋ ಎಂದು ತಿಳಿಸುವುದಿಲ್ಲ ಎಂದು ಅವರು ವಿವರಿಸಿದ ರೀತಿ ನನ್ನ ಕೆಲಸಕ್ಕೆ ನೇರವಾಗಿ ಒದಗುವಂತಿತ್ತು. ಮಧ್ಯಾಹ್ನ ಒಂದು ಟವೆಲ್ ತರಿಸಿ, ಅದರ ಕೆಳಗೆ ಬೆರಳು ಹಿಡಿದು ದನದ ವ್ಯಾಪಾರ ಮಾಡಿಸಿದರು. ಶಿವರಾತ್ರಿಯ ಹೊತ್ತಿನ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ನಮ್ಮ ತಂದೆ ಹಳ್ಳಿಕಾರ್ ಹೋರಿಗಳನ್ನು ಹೀಗೆಯೇ ಮಾರುತ್ತಿದ್ದರು: ಟವೆಲ್ಲಿನ ಕೆಳಗೆ ಬೆರಳುಗಳು ಸಾವಿರಗಳ ಲೆಕ್ಕ ಹೇಳುತ್ತಿದ್ದರೆ, ಮೇಲೆ ಮುಖ ಬೇವಿನ ಮರದ ನೆರಳನ್ನು ನೋಡುತ್ತಿರುತ್ತಿತ್ತು. ನಾನು ಎರಡು ನಿಮಿಷದಲ್ಲಿ ಸೋತೆ. ಬೆಲೆ ಇಷ್ಟವಾದ ಕೂಡಲೇ ತುಟಿ ಅರಳಿತ್ತಂತೆ.

ಉಳಿದ ವ್ಯವಸ್ಥೆ ಸಾಧಾರಣ. ಕೊಟ್ಟ ಟಿಪ್ಪಣಿ ಪೂರ್ತಿ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಪಾಠ ಕೇಳಿದವರಿಗೆ ಅದು ಉಪಯೋಗಕ್ಕೆ ಬಾರದು. ಊಟ ಚೆನ್ನಾಗಿತ್ತು. ಮೊದಲ ದಿನ ಮುಕ್ಕಾಲು ಗಂಟೆ ತಡ.

ನಮ್ಮ ಸಂಘದ ಇಬ್ಬರು ಗುಮಾಸ್ತರನ್ನು ಮುಂದಿನ ತಂಡಕ್ಕೆ ಕಳುಹಿಸಬೇಕೆಂದಿದ್ದೇನೆ, ಆದರೆ ಭಾನುವಾರಕ್ಕೆ ಮಾತ್ರ. ಅರ್ಧ ಶುಲ್ಕ ಸಾಕೇ ಎಂದು ಕೇಂದ್ರದವರನ್ನು ಕೇಳಿದಾಗ ಅವರು ಏನೂ ಹೇಳದೆ ತಲೆಯನ್ನು ಎಡಬಲಕ್ಕೆ ಓಲಾಡಿಸಿದರು. ತೀರ್ಪು ಕೊಡದೆ ಇನ್ನೊಂದು ಸಲ ಕೇಳಿದೆ. 1,400 ರೂಪಾಯಿಗೆ ಒಪ್ಪಿದರು.