ಅಳತೆಗೆ ಮಾಡಿಸಿದ ವ್ಯಾನಿಟಿ ಕ್ಯಾಬಿನೆಟ್: 3 ವರ್ಷ ಬಳಸಿದ ಮೇಲೆ

ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋದರೆ ನನ್ನ ಕೈ ಮೊದಲು ಹೋಗುವುದು ಬೇಸಿನ್ ಕೆಳಗಿನ ಡ್ರಾಯರ್‌ಗೆ. ಎಡಗಡೆ ಬ್ರಷ್, ಪೇಸ್ಟ್. ಬಲಗಡೆ ಬಾಚಣಿಗೆ, ಹೇರ್‌ಪಿನ್ ಡಬ್ಬಿ, ಮಗಳ ರಬ್ಬರ್ ಬ್ಯಾಂಡುಗಳು. ನಡುವೆ ಖಾಲಿ, ಅಲ್ಲಿ ಪೈಪ್ ಇಳಿಯುತ್ತದೆ. ಡ್ರಾಯರಿನ ಹಿಂಭಾಗವನ್ನು ‘ಯು’ ಆಕಾರದಲ್ಲಿ ಕತ್ತರಿಸಿದ್ದಾರೆ. ಹಾಗಾಗಿ ಅದು ಬಾಟಲ್ ಟ್ರ್ಯಾಪ್‌ಗೆ (ಬೇಸಿನ್ ನೀರು ಇಳಿಯುವ ಪೈಪಿನಲ್ಲಿರುವ ಬಾಟಲಿಯಂಥ ಭಾಗ) ತಾಗದೆ ಪೂರ್ತಿ ಹೊರಗೆ ಬರುತ್ತದೆ, ತಳ್ಳಿದರೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಇದೊಂದಕ್ಕೇ ಮಾಡಿಸಿದ್ದು ಸಾರ್ಥಕ ಅನ್ನಿಸುತ್ತದೆ. ಹಳೆಯ ಕ್ಯಾಬಿನೆಟ್‌ನಲ್ಲಿ ಬೇಸಿನ್ ಕೆಳಗೆ ಇದ್ದದ್ದು ಬರೀ ಎರಡು ಬಾಗಿಲು, ಒಳಗೆ ಕತ್ತಲೆ. ಸೋಪು ಬೇಕು ಅಂದರೆ ಮಂಡಿಯೂರಿ ಹುಡುಕಬೇಕಿತ್ತು.

ರೆಡಿಮೇಡ್ ಯಾಕೆ ಬೇಡ ಅಂದೆ? ನಮ್ಮ ಗೋಡೆಯಲ್ಲಿ ಸಿಗುವ ಜಾಗ 41 ಇಂಚು. ಅಂಗಡಿಗಳಲ್ಲಿ ನಾನು ನೋಡಿದ್ದು 24, 30, 36 ಇಂಚು. 36ರದ್ದು ಇಟ್ಟರೆ ಪಕ್ಕದಲ್ಲಿ ಐದು ಇಂಚಿನ ಸಂದು ಉಳಿಯುತ್ತದೆ. ಪೊರಕೆ ಹೋಗಲ್ಲ, ಕೈ ಹೋಗಲ್ಲ, ಕೂದಲು ಮಾತ್ರ ಹೋಗುತ್ತದೆ. ಅದನ್ನು ದಿನಾ ನೋಡುತ್ತಾ ಇರಲು ನನ್ನಿಂದ ಆಗಲ್ಲ.

ಎತ್ತರದ ವಿಷಯಕ್ಕೆ ಒಂದು ಸಂಜೆ ಪೂರ್ತಿ ಕೊಟ್ಟೆವು. ರಟ್ಟಿನ ಪೆಟ್ಟಿಗೆ ಒಂದರ ಮೇಲೊಂದು ಇಟ್ಟು, ಮುಖ ತೊಳೆಯುವ ಹಾಗೆ ಎಲ್ಲರೂ ಬಗ್ಗಿ ನೋಡಿದೆವು. ಅಮ್ಮನಿಗೆ ಸೊಂಟನೋವು, ಅವರಿಗೆ ಸರಿಹೋದದ್ದು 34 ಇಂಚು. ಇಲ್ಲಿ ಒಂದು ಮಾತು ಹೇಳಲೇಬೇಕು. ಆ 34 ಇಂಚು ಬೇಸಿನ್‌ನ ಅಂಚಿಗೆ, ಕ್ಯಾಬಿನೆಟ್‌ಗೆ ಅಲ್ಲ. ನಾವು ಆರಿಸಿದ್ದು ಮೇಲೆ ಕೂರಿಸುವ ಬಟ್ಟಲಿನಂಥ ಬೇಸಿನ್, ಅದರದ್ದೇ ಐದು ಇಂಚು ಎತ್ತರ. ಕಾರ್ಪೆಂಟರ್ ಕೇಳದೇ ಹೋಗಿದ್ದರೆ ಕ್ಯಾಬಿನೆಟ್ಟೇ 34 ಇಂಚು ಆಗಿಬಿಡುತ್ತಿತ್ತು, ಮಗಳು ಸ್ಟೂಲ್ ಹತ್ತಿ ಬ್ರಷ್ ಮಾಡಬೇಕಿತ್ತು.

ಬಜೆಟ್ ಬಿಗಿಯಾಗಿತ್ತು. ರೆಡಿಮೇಡ್‌ಗಿಂತ ಇದು ದುಬಾರಿ, ಅದರಲ್ಲಿ ಎರಡು ಮಾತಿಲ್ಲ. ಹೊಳೆಯುವ ಬಾಗಿಲು, ಒಳಗಿನ ಲೈಟು ಎಲ್ಲ ಬಿಟ್ಟೆ. ಸಾದಾ ಲ್ಯಾಮಿನೇಟ್ ಹಾಕಿಸಿದೆ. ದುಡ್ಡು ಸುರಿದದ್ದು ಮರೈನ್ ಪ್ಲೈವುಡ್‌ಗೆ, ಸ್ಟೇನ್‌ಲೆಸ್ ಸ್ಟೀಲ್ ಹಿಂಜ್‌ಗಳಿಗೆ, ಡ್ರಾಯರ್ ಚಾನೆಲ್‌ಗೆ. ಹಿಂಜ್‌ಗಳಲ್ಲಿ ಇವತ್ತಿಗೂ ತುಕ್ಕಿನ ಒಂದು ಚುಕ್ಕೆ ಇಲ್ಲ.

ಇಷ್ಟೇ ಆಗಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ.

ಎರಡನೇ ವರ್ಷ ಕೆಳಗಿನ ಬಾಗಿಲು ತೆಗೆದಾಗಲೆಲ್ಲ ಒಂಥರಾ ಮುಗ್ಗಲು ವಾಸನೆ. ಒದ್ದೆ ಬಟ್ಟೆ ಇರಬೇಕು ಅಂತ ಸುಮ್ನಿದ್ದೆ. ಒಂದು ದಿನ ಎಲ್ಲ ಸಾಮಾನು ಹೊರಗಿಟ್ಟು ಟಾರ್ಚ್ ಹಾಕಿ ನೋಡಿದೆ. ನಮ್ಮದು ಗೋಡೆಗೆ ನೇತುಹಾಕಿದ ಕ್ಯಾಬಿನೆಟ್, ಆದರೆ ವೇಸ್ಟ್ ಪೈಪ್ ಹೋಗುವುದು ನೆಲಕ್ಕೆ. ಅದಕ್ಕಾಗಿ ತಳದ ಹಲಗೆಯಲ್ಲಿ ಒಂದು ದುಂಡು ತೂತು ಕೊರೆದಿದ್ದಾರೆ. ಆ ತೂತಿನ ಸುತ್ತ ಲ್ಯಾಮಿನೇಟ್ ಉಬ್ಬಿ ಎದ್ದಿತ್ತು. ಉಗುರಿನಿಂದ ಒತ್ತಿದರೆ ಮರ ಮೆತ್ತಗೆ. ಸುತ್ತ ಕಪ್ಪು ಬೂಷ್ಟು.

ಮರೈನ್ ಪ್ಲೈ ಅಂದರೆ ನೀರು ಕುಡಿಯುವುದೇ ಇಲ್ಲ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಪದರಗಳನ್ನು ಹಿಡಿದಿರುವ ಅಂಟು ನೀರಿಗೆ ಬಿಡುವುದಿಲ್ಲ, ಸರಿ. ಆದರೆ ಕೊಯ್ದ ಅಂಚು ಹಾಗೇ ತೆರೆದಿದ್ದರೆ ಮರ ಅಲ್ಲಿಂದ ನೀರು ಎಳೆದುಕೊಳ್ಳುತ್ತದೆ. ಹಲಗೆಯ ನಾಲ್ಕೂ ಬದಿಗೆ ಎಡ್ಜ್ ಬ್ಯಾಂಡ್, ಅಂದರೆ ಅಂಚು ಮುಚ್ಚುವ ಪಟ್ಟಿ, ಅಂದವಾಗಿ ಹಚ್ಚಿದ್ದರು. ತೂತಿನ ಒಳ ಅಂಚಿಗೆ ಮಾತ್ರ ಏನೂ ಇಲ್ಲ. ಟ್ರ್ಯಾಪಿನ ನಟ್‌ನಿಂದ ಒಂದೊಂದೇ ಹನಿ ಪೈಪಿಗುಂಟ ಇಳಿದು ಅಲ್ಲೇ ನಿಂತಿದೆ. ಎಷ್ಟು ತಿಂಗಳಿಂದಲೋ!

ಕಾರ್ಪೆಂಟರನ್ನು ಕರೆದು ತೋರಿಸಿದರೆ, ‘ಒಳಗಡೆ ಅಲ್ವಾ ಮೇಡಂ, ಯಾರಿಗೆ ಕಾಣುತ್ತೆ?’ ಅಂದರು. ಆ ಮಾತಿಗೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಾಣದ ಜಾಗದಲ್ಲೇ ತಾನೇ ನೀರು ನಿಲ್ಲುವುದು? ಎರಡು ನಿಮಿಷದ ಕೆಲಸ ಬಿಟ್ಟು ಇಡೀ ಹಲಗೆ ಹಾಳು ಮಾಡಿದ್ದಾರೆ.

ಆದರೂ ಮರುದಿನ ಅವರೇ ಬಂದರು, ದುಡ್ಡು ಕೇಳಲಿಲ್ಲ. ಪೈಪ್ ಬಿಚ್ಚಿದರು, ಮೆತ್ತಗಾದ ಮರ ಕೆರೆದು ತೆಗೆದರು. ಬಾಗಿಲು ತೆರೆದಿಟ್ಟು ನಾಲ್ಕು ದಿನ ಫ್ಯಾನ್ ಹಾಕಿ ಒಣಗಿಸಿದೆವು. ಆಮೇಲೆ ಕೊಯ್ದ ಅಂಚಿಗೆ ಎರಡು ಸಲ ಎಪಾಕ್ಸಿ ಬಳಿದು, ಪೈಪ್ ಕೂರಿಸಿ, ಸುತ್ತಲಿನ ಸಂದಿಗೆ ಸಿಲಿಕೋನ್ ತುಂಬಿದರು. ನಟ್‌ನ ವಾಷರ್ ಬದಲಾಯಿಸಿದರು. ಒಂದು ವರ್ಷ ಆಯಿತು, ವಾಸನೆ ಇಲ್ಲ. ಅಂಗೈ ಅಗಲದ ಕಲೆ ಮಾತ್ರ ಉಳಿದಿದೆ. ಈಗ ಭಾನುವಾರ ಟ್ರ್ಯಾಪಿನ ಕೆಳಗೆ ಒಣ ಟಿಶ್ಯೂ ಒತ್ತಿ ನೋಡುವುದು ನನಗೆ ರೂಢಿಯಾಗಿದೆ. ಒಣಗಿದ್ದರೆ ಸಮಾಧಾನ.

ಐದಕ್ಕೆ ನಾಲ್ಕು ಸ್ಟಾರ್. ಕಳೆದದ್ದು ಆ ತೂತಿಗೆ. ಇಲ್ಲದಿದ್ದರೆ ಅಳತೆ, ಡ್ರಾಯರ್, ಕೆಳಗೆ ಆರಾಮಾಗಿ ನೆಲ ಒರೆಸಲು ಬಿಟ್ಟ ಎಂಟು ಇಂಚು ಜಾಗ, ಎಲ್ಲವೂ ನನಗೆ ಬೇಕಾದ ಹಾಗೇ ಇದೆ. ಮುಂದಿನ ತಿಂಗಳು ಅಮ್ಮನ ಬಾತ್‌ರೂಮಿನ ಕೆಲಸ. ಅದೇ ಕಾರ್ಪೆಂಟರ್‌ಗೆ ಕೊಟ್ಟಿದ್ದೇನೆ. ಪೈಪಿಗೆ ತೂತು ಕೊರೆಯುವ ದಿನ ರಜೆ ಹಾಕಿ ಪಕ್ಕದಲ್ಲೇ ನಿಂತಿರುತ್ತೇನೆ ಅಂತ ಈಗಲೇ ಹೇಳಿಟ್ಟಿದ್ದೇನೆ.