ಕಾಯಿ ಕೇಳಿದರೆ ತಾಯಿ: ಉಚ್ಚಾರಣೆಯ ಚಿತ್ರಕಾರ್ಡುಗಳ ಪೆಟ್ಟಿಗೆ

ನಾಲ್ಕೂವರೆ ವರ್ಷದ ನಮ್ಮ ಮಗಳು 'ಕ'ಕಾರದ ಜಾಗದಲ್ಲಿ 'ತ'ಕಾರವನ್ನೇ ನುಡಿಯುತ್ತಿದ್ದುದರಿಂದ ಅವಳ ಬಾಯಲ್ಲಿ ಕಾಯಿಯೂ ತಾಯಿಯೇ ಆಗಿತ್ತು. ಕಿವಿಯ ಪರೀಕ್ಷೆಯಲ್ಲಿ ತೊಂದರೆಯೇನೂ ಕಾಣದ ಬಳಿಕ, ವಾಕ್ ಚಿಕಿತ್ಸಕಿಯ ಸಲಹೆಯಂತೆ ಮನೆಯ ಅಭ್ಯಾಸಕ್ಕೆಂದು 60 ಚಿತ್ರಕಾರ್ಡುಗಳೂ ಒಂದು ಕೈಗನ್ನಡಿಯೂ ಇರುವ ಪೆಟ್ಟಿಗೆಯನ್ನು 650 ರೂಪಾಯಿ ಕೊಟ್ಟು ತಂದೆವು. ಮೂರು ತಿಂಗಳು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕನ್ನಡದ ಧ್ವನಿಗಳನ್ನು ಬಲ್ಲವರು ಇದನ್ನು ರೂಪಿಸಿದ್ದಾರೆ ಎಂಬುದು ತೆರೆದೊಡನೆ ತಿಳಿಯುತ್ತದೆ. ಈ ಹಿಂದೆ ಕೊಂಡಿದ್ದ ಬೇರೊಂದು ಸೆಟ್ಟಿನಲ್ಲಿ ಇಂಗ್ಲಿಷ್ ಕಾರ್ಡುಗಳ ಕೆಳಗೆ ಕನ್ನಡದ ಹೆಸರನ್ನಷ್ಟೇ ಅಚ್ಚು ಹಾಕಿದ್ದರಿಂದ, 'ರ'ಕಾರದ ಅಭ್ಯಾಸಕ್ಕೆ ಮೊಲ ಬಂದು ಕುಳಿತಿತ್ತು! ಇಲ್ಲಿ 'ಳ'ಕಾರ, 'ಣ'ಕಾರಗಳು ಕನ್ನಡ ಪದಗಳ ಮೊದಲಲ್ಲಿ ಬರುವುದಿಲ್ಲವೆಂಬುದನ್ನು ಅರಿತು ಬಳೆ, ಕೋಳಿ, ಹಣ್ಣು, ಕಣ್ಣುಗಳನ್ನು ಆರಿಸಿದ್ದಾರೆ. ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ ಪದದ ಕೊನೆಯ ವ್ಯಂಜನಕ್ಕೆಂದು ಪ್ರತ್ಯೇಕ ಕಾರ್ಡುಗಳನ್ನು ತುರುಕಿಲ್ಲ. ಬಿಡಿ ಧ್ವನಿಗೂ ಪದಕ್ಕೂ ನಡುವೆ ಕಾ, ಕೀ, ಕೂ ಎಂದು ಕಾಗುಣಿತದ ಮೆಟ್ಟಿಲನ್ನು ಇಟ್ಟಿರುವುದು ಹಳೆಯ ಮಗ್ಗಿಯ ದಿನಗಳನ್ನು ನೆನಪಿಸಿದರೂ ಬಹಳ ಸಹಾಯಕ್ಕೆ ಬಂತು.

ನಾವು ಹೆಚ್ಚು ಬಳಸಿದ್ದು ಜೋಡಿ ಕಾರ್ಡುಗಳನ್ನು: ಕಾಯಿ–ತಾಯಿ, ಹಲ್ಲಿ–ಹಳ್ಳಿ, ಹುಲಿ–ಹುಳಿ. ಮಗು ನುಡಿದ ಚಿತ್ರವನ್ನೇ ಎತ್ತಿಕೊಡಬೇಕೆಂಬುದು ಆಟದ ನಿಯಮ. ತೆಂಗಿನಕಾಯಿಗೆ ಕೈಚಾಚಿದವಳ ಕೈಗೆ ಪ್ರತಿಸಲವೂ ಸೀರೆಯುಟ್ಟ ಹೆಂಗಸಿನ ಚಿತ್ರ ಬಂದಾಗ ಅವಳಿಗೆ ಸಿಟ್ಟು ಬರುತ್ತಿತ್ತು. ನಾವು ತಿದ್ದುವ ಮೊದಲೇ ಮತ್ತೊಮ್ಮೆ ಹೇಳಿ ನೋಡುತ್ತಿದ್ದಳು. ಆದರೆ ಹುಳಿಯ ಪಾತ್ರೆಯನ್ನು ಕಂಡು ಅವಳು ನೇರವಾಗಿ 'ಸಾಂಬಾರು' ಎಂದುಬಿಟ್ಟಳು. ಮನೆಗೊಂದು ಹೆಸರಿರುವ ಅಡುಗೆಯನ್ನು ಇಂಥ ಜೋಡಿಗೆ ಆರಿಸಬಾರದಿತ್ತು.

ಬಾಯಿಯ ಒಳಭಾಗವನ್ನು ಪಕ್ಕದಿಂದ ಸೀಳಿ ತೋರಿಸುವ ಚಿತ್ರಗಳು ಮಕ್ಕಳಿಗೆ ಹೇಳಿಸಿದ್ದಲ್ಲ. ನಾಲಗೆ ಎಲ್ಲಿ ತಾಗಬೇಕೆಂದು ನನಗೆ ತಿಳಿಯಿತು, ಮಗಳು ಮಾತ್ರ "ಇವನ ತೆನ್ನೆ ಎಲ್ಲಿ?" ಎಂದು ಕೇಳಿದಳು. 'ಪ', 'ಮ'ಗಳಿಗೆ ತುಟಿ ಕಾಣುವುದರಿಂದ ಕನ್ನಡಿಯೇ ಸಾಕು. ನಾಲಗೆಯ ಹಿಂಭಾಗವು ಮೆತ್ತನೆಯ ಅಂಗುಳಕ್ಕೆ ತಾಗಿ ಹುಟ್ಟುವ 'ಕ'ಕಾರವು ಕನ್ನಡಿಗೆ ಎಟುಕದು. ಕೊನೆಗೆ ಚಿಕಿತ್ಸಕಿಯವರು ಮಗುವನ್ನು ಅಂಗಾತ ಮಲಗಿಸಿ, ನಾಲಗೆ ತಾನಾಗಿ ಹಿಂದಕ್ಕೆ ಜಾರುವಂತೆ ಮಾಡಿ ಆ ಧ್ವನಿಯನ್ನು ಹೊರಡಿಸಿದರು. ಕೈಪಿಡಿಯಲ್ಲಿ ಈ ಉಪಾಯದ ಸುಳಿವಿಲ್ಲ. 'ರ'ಕಾರ ಹಲವು ಮಕ್ಕಳಿಗೆ ತಡವಾಗಿಯೇ ಕೂಡಿಬರುತ್ತದೆ ಎಂಬ ಸಮಾಧಾನದ ಮಾತಾಗಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹೆಸರಾಗಲಿ ಅದರಲ್ಲಿಲ್ಲ.

ಪದಗಳ ಆಚೆಗೆ, ವಾಕ್ಯಗಳಿಗೆಂದು ಒಂದು ಕಾರ್ಡೂ ಇಲ್ಲದಿರುವುದು ಈಗ ನಮ್ಮನ್ನು ಕಾಡುತ್ತಿರುವ ಕೊರತೆ. ಚಿತ್ರ ಹಿಡಿದರೆ ಮಗಳು 'ಕಾಗೆ' ಎಂದು ಸ್ಪಷ್ಟವಾಗಿ ಹೇಳುತ್ತಾಳೆ. ಮಾಡಿಗೆ ನಿಜವಾದ ಕಾಗೆ ಬಂದು ಕೂತರೆ, "ಅಮ್ಮಾ, ತಾಗೆ ಬಂತು" ಎಂದು ಕೂಗುತ್ತಾ ಓಡಿಬರುತ್ತಾಳೆ.