ಆರು ವರ್ಷ ಬಳಸಿದ ಟಿಕೆಟ್ ಮರುಮಾರಾಟ ಆ್ಯಪ್: ಐದರಲ್ಲಿ ಎರಡು ನಕ್ಷತ್ರ

ಆರು ವರ್ಷಗಳಲ್ಲಿ ಈ ಆ್ಯಪ್‌ನಿಂದ ಹನ್ನೊಂದು ಸಲ ಟಿಕೆಟ್ ಕೊಂಡೆ. ಹತ್ತು ಸಲ ಕಾರ್ಯಕ್ರಮ ನೋಡಿದೆ. ಹುಡುಕುವುದು ಸುಲಭ, ಟಿಕೆಟ್ ಮೊಬೈಲ್‌ಗೇ ಬರುತ್ತದೆ. ಎರಡು ನಕ್ಷತ್ರ ಅದಕ್ಕೆ.

ಮೊದಲು ಶುಲ್ಕದ ಮಾತು. ಪಟ್ಟಿಯಲ್ಲಿ ನೂರು ಎಂದು ಕಂಡ ಟಿಕೆಟ್ ಹಣ ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ ನೂರಮೂವತ್ತು ದಾಟಿರುತ್ತಿತ್ತು. ಸೇವಾ ಶುಲ್ಕ, ನಿರ್ವಹಣಾ ಶುಲ್ಕ, ಜೊತೆಗೆ ಟಿಕೆಟ್ ತಲುಪಿಸುವ ಶುಲ್ಕ. ಇಮೇಲ್‌ನಲ್ಲಿ ಬರುವ ಟಿಕೆಟ್‌ಗೆ ತಲುಪಿಸುವ ಖರ್ಚು ಎಲ್ಲಿಯದು? ಪುಟದ ಮೇಲ್ಭಾಗದಲ್ಲಿ ನಿಮಿಷ, ಸೆಕೆಂಡು ಇಳಿಯುತ್ತಿರುತ್ತವೆ. ಸೀಟು ಕೈತಪ್ಪೀತು ಎಂಬ ದಿಗಿಲಿನಲ್ಲಿ ನಾನು ಪ್ರತಿ ಸಲವೂ ಹಣ ಕಟ್ಟಿದೆ. ಇದು ನನ್ನೊಬ್ಬಳ ಪಾಡಲ್ಲ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2018ರ ವರದಿಗಾಗಿ ಪರಿಶೀಲಿಸಿದ ಮರುಮಾರಾಟದ ಟಿಕೆಟ್‌ಗಳಲ್ಲಿ ಶುಲ್ಕ ಸರಾಸರಿ ಶೇ 31ರಷ್ಟಿತ್ತು. ಒಟ್ಟು ಬೆಲೆಯನ್ನು ಮೊದಲೇ ತೋರಿಸಬೇಕೆಂಬ ನಿಯಮ ಅಲ್ಲಿ 2025ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಆದರೆ ಆ ನಿಯಮ ಶುಲ್ಕಕ್ಕೆ ಮಿತಿ ಹಾಕಿಲ್ಲ.

ಇನ್ನು ಹನ್ನೊಂದನೆಯ ಟಿಕೆಟ್. ತಂಗಿಯ ಹುಟ್ಟುಹಬ್ಬಕ್ಕೆಂದು ಎರಡು ಸೀಟು ಕೊಂಡಿದ್ದೆ. ಯಾವ ವಿಭಾಗ ಎಂದಷ್ಟೇ ಇತ್ತು, ಸಾಲು ಮತ್ತು ಸೀಟಿನ ಸಂಖ್ಯೆ ‘ನಂತರ ತಿಳಿಸಲಾಗುವುದು’. ರಾತ್ರಿಯಿಡೀ ರೈಲಿನಲ್ಲಿ ಪ್ರಯಾಣಿಸಿ ಹೋದೆವು. ಕಾರ್ಯಕ್ರಮಕ್ಕೆ ಮೂರು ಗಂಟೆ ಇರುವಾಗ ಸಂದೇಶ ಬಂತು: ಮಾರಾಟಗಾರರಿಗೆ ಟಿಕೆಟ್ ಒದಗಿಸಲು ಆಗಿಲ್ಲ. ಹೊಸ ಉಡುಪು ತೊಟ್ಟು ಸಿದ್ಧಳಾಗಿದ್ದ ತಂಗಿ, ‘ಇರಲಿ ಬಿಡಕ್ಕ’ ಎಂದು ನನ್ನನ್ನೇ ಸಮಾಧಾನಪಡಿಸಿದಳು.

ಮನೆಗೆ ಬಂದು ರಸೀದಿ ತೆಗೆದು ನೋಡಿದೆ. ನಾನು ಹಣ ಕಟ್ಟಿದ್ದು ಆಯೋಜಕರ ಅಧಿಕೃತ ಮಾರಾಟ ಆರಂಭವಾಗುವ ಹಿಂದಿನ ದಿನ. ಯಾರ ಕೈಯಲ್ಲೂ ಇನ್ನೂ ಇಲ್ಲದ ಟಿಕೆಟನ್ನು ನನಗೆ ಮಾರಿದ್ದರು! ಇಂಥ ಮಾರಾಟಗಾರರು ಮೊದಲು ದುಬಾರಿ ಬೆಲೆಗೆ ಆರ್ಡರ್ ಹಿಡಿಯುತ್ತಾರೆ, ಆಮೇಲೆ ಕಡಿಮೆಗೆ ಟಿಕೆಟ್ ಸಿಕ್ಕರೆ ಕೊಂಡು ಕೊಡುತ್ತಾರೆ. ಬೆಲೆ ಏರಿಬಿಟ್ಟರೆ ಆರ್ಡರ್ ಕೈಬಿಡುತ್ತಾರೆ. ಅದನ್ನು ಪಟ್ಟಿಯಲ್ಲಿ ತೋರಿಸಿ ಶುಲ್ಕ ಹಾಕಿದ ಆ್ಯಪ್‌ಗೂ ಇದರಲ್ಲಿ ಹೊಣೆಯಿದೆ. ಆ್ಯಪ್ ಕೊಡುವ ‘ನೂರಕ್ಕೆ ನೂರು ಖಾತರಿ’ ಎಂದರೆ ಟಿಕೆಟ್‌ನ ಹಣ ವಾಪಸು ಬರುತ್ತದೆ ಎಂದಷ್ಟೇ. ಅದು ಹತ್ತೊಂಬತ್ತು ದಿನಕ್ಕೆ ಬಂತು. ರೈಲಿನ, ವಸತಿಯ ಖರ್ಚು ನಮ್ಮ ತಲೆಗೇ.

ಐರ್ಲೆಂಡ್ 2021ರಲ್ಲೇ ಕಾನೂನು ತಂದು, ಅದರಡಿ ಗುರುತಿಸಿದ ಸಭಾಂಗಣ, ಕಾರ್ಯಕ್ರಮಗಳ ಟಿಕೆಟ್‌ಗಳನ್ನು ಮೂಲ ಬೆಲೆಗಿಂತ ಹೆಚ್ಚಿಗೆ ಮರುಮಾರಾಟ ಮಾಡುವುದನ್ನು ನಿಷೇಧಿಸಿದೆ. ನಾನೀಗ ಆಯೋಜಕರೇ ನಡೆಸುವ, ಮೂಲ ಬೆಲೆಗೇ ಟಿಕೆಟ್ ದಾಟಿಸುವ ವ್ಯವಸ್ಥೆ ಇದ್ದರೆ ಮಾತ್ರ ಮರುಮಾರಾಟದ ಟಿಕೆಟ್ ಕೊಳ್ಳುತ್ತೇನೆ, ಅದೂ ಸೀಟಿನ ಸಂಖ್ಯೆ ಕಂಡ ಮೇಲೆ. ಈ ಆ್ಯಪ್‌ಗೆ ರಸೀದಿಯ ದಿನಾಂಕ ತೋರಿಸಿ ದೂರು ಬರೆದು ನಾಲ್ಕು ತಿಂಗಳಾಯಿತು. ಉತ್ತರ ಬಂದಿಲ್ಲ.